ಹಳೇ ಜಾಝ್ ಎಲ್‌ಪಿ ಬೇಟೆ: ಕವರ್‌ಗೆ ಮರುಳಾಗದೆ ರೆಕಾರ್ಡ್ ಓದೋದು ಹೇಗೆ

ಹ್ಯಾಂಕ್ ಮೋಬ್ಲಿ ಅಂತ ಒಬ್ಬ ಟೆನರ್ ಸ್ಯಾಕ್ಸೊಫೋನ್ ವಾದಕ ಇದ್ದ, 1957ರಲ್ಲಿ ಅವನು ಬ್ಲೂ ನೋಟ್ ಕಂಪನಿಗೆ ನುಡಿಸಿದ ಒಂದು ಎಲ್‌ಪಿ ಇದೆ, ಕ್ಯಾಟಲಾಗ್ ನಂಬರ್ 1568, ಅದರ ಮೊದಲ ಪ್ರೆಸ್ಸಿಂಗ್ (ಅಂದ್ರೆ ಮೊದಲ ಸಲ ಒತ್ತಿದ ಪ್ರತಿ) ಹರಾಜಿನಲ್ಲಿ ಹತ್ತು ಸಾವಿರ ಡಾಲರ್ ದಾಟಿ ಹೋಗಿರೋದೂ ಉಂಟು. ಇಂಥ ಸುದ್ದಿ ಓದಿದೋರು ಒಂದೋ ಇದೆಲ್ಲ ದುಡ್ಡಿರೋರ ಖಯಾಲಿ ಅಂತ ಕೈಬಿಡ್ತಾರೆ, ಇಲ್ಲಾಂದ್ರೆ ಹಳೇದು ಕಂಡಿದ್ದೆಲ್ಲ ಬಂಗಾರ ಅಂದ್ಕೊಂಡು ಗೀರುಬಿದ್ದ ಪ್ಲೇಟೆಲ್ಲ ಹೊತ್ಕೊಂಡು ಮನೆಗೆ ಬರ್ತಾರೆ. ಎರಡೂ ಬೇಡ. ಅದೇ ಕಾಲದ ಸಂಗೀತ, ಅದೇ ಸ್ಟುಡಿಯೋ, ಎಷ್ಟೋ ಸಲ ಅದೇ ಲೋಹದ ಅಚ್ಚಿನಿಂದ ಒತ್ತಿದ ರೆಕಾರ್ಡ್ ಒಂದು ರೆಸ್ಟೋರೆಂಟ್ ಊಟದ ರೇಟಲ್ಲಿ ಸಿಗತ್ತೆ, ಆದ್ರೆ ರೆಕಾರ್ಡ್ ಮೇಲೆ ಏನ್ ಬರ್ದಿದೆ ಅಂತ ಓದೋಕೆ ಬರ್ಬೇಕು, ಅಷ್ಟೇ.

ನಾನಿರೋದು ನ್ಯೂಜೆರ್ಸಿ, ಹಾಗಾಗಿ ಜಾಸ್ತಿ ಈ ಕಡೆ ಅಂಗಡಿ, ಎಸ್ಟೇಟ್ ಸೇಲ್ ಬಗ್ಗೆನೇ ಹೇಳ್ತೀನಿ. ಜಾಝ್‌ಗೆ ಈ ಊರು ಒಂಥರಾ ತವರೂರೇ, ಯಾಕಂದ್ರೆ ರೂಡಿ ವ್ಯಾನ್ ಗೆಲ್ಡರ್ ಅನ್ನೋ ಸೌಂಡ್ ಇಂಜಿನಿಯರ್ ಇಲ್ಲೇ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆ ಹಾಲ್‌ನಲ್ಲಿ ರೆಕಾರ್ಡಿಂಗ್ ಮಾಡ್ತಿದ್ದ, 1959ರಲ್ಲಿ ಪಕ್ಕದ ಎಂಗಲ್‌ವುಡ್ ಕ್ಲಿಫ್ಸ್‌ಗೆ ಸ್ಟುಡಿಯೋ ಶಿಫ್ಟ್ ಮಾಡ್ದ, ಬ್ಲೂ ನೋಟ್, ಪ್ರೆಸ್ಟೀಜ್, ಇಂಪಲ್ಸ್ ಮೂರೂ ಕಂಪನಿಯ ಒಳ್ಳೊಳ್ಳೆ ರೆಕಾರ್ಡೆಲ್ಲ ಅವನ ಕೈಯಿಂದಾನೇ ಬಂದಿರೋದು. ಅವನ ಹೆಸರು ಈ ಲೇಖನದಲ್ಲಿ ಪದೇ ಪದೇ ಬರತ್ತೆ, ಬೇಜಾರ್ ಮಾಡ್ಕೋಬೇಡಿ.

ಮೊದಲು ಪ್ಲೇಯರ್

ರೆಕಾರ್ಡ್ ಕೊಳ್ಳೋಕ್ ಮುಂಚೆ ಒಂದು ಮರ್ಯಾದಸ್ತ ಟರ್ನ್‌ಟೇಬಲ್ ತಗೊಳ್ಳಿ. ಸೂಟ್‌ಕೇಸ್ ತರ ಮುಚ್ಚೋ, ನೋಡೋಕ್ ಮುದ್ದಾಗಿರೋ ಅಗ್ಗದ ಪ್ಲೇಯರ್ ಬೇಡ, ಅವುಗಳಲ್ಲಿ ಸೂಜಿ ರೆಕಾರ್ಡ್ ಮೇಲೆ 5 ಗ್ರಾಂ ತನಕ ಭಾರ ಹಾಕತ್ತೆ, ಸರಿಯಾದ ಕಾರ್ಟ್ರಿಡ್ಜ್, ಅಂದ್ರೆ ಸೂಜಿ ಕೂತಿರೋ ತುಂಡು, ಸುಮಾರು 2 ಗ್ರಾಂನಲ್ಲಿ ಕೆಲಸ ಮುಗ್ಸತ್ತೆ. ಅರವತ್ತು ವರ್ಷ ಉಳ್ಕೊಂಡು ಬಂದಿರೋ ರೆಕಾರ್ಡ್‌ನ ನೀವು ತಂದು ನಾಲ್ಕು ತಿಂಗಳಲ್ಲಿ ಸವೆಸೋದು ಯಾಕೆ. ಭಾರ ಅಡ್ಜಸ್ಟ್ ಮಾಡೋಕಾಗೋ ಟೋನ್ ಆರ್ಮ್ (ಸೂಜಿ ಹಿಡ್ಕೊಂಡಿರೋ ಉದ್ದನೆ ಕೈ), ಬದಲಾಯಿಸೋಕಾಗೋ ಸೂಜಿ, ಇವೆರಡು ಇದ್ರೆ ಶುರುವಿಗೆ ಸಾಕು. ಟೆಕ್ನಿಕ್ಸ್ ಕಂಪನಿಯ ಸೆಕೆಂಡ್‌ಹ್ಯಾಂಡ್ ಪ್ಲೇಯರ್ ಸಿಕ್ಕಿದ್ರೆ ಕಣ್ಮುಚ್ಕೊಂಡು ತಗೋಬಹುದು, ಸೂಜಿ ಮಾತ್ರ ಹೊಸದು ಹಾಕ್ಸಿ, ಹಳೇ ಓನರ್ ಅದನ್ನ ಯಾವಾಗ ಬದಲಾಯಿಸಿದ್ದ ಅಂತ ಅವನಿಗೂ ನೆನಪಿರಲ್ಲ.

ಇನ್ನೊಂದು, ಆಂಪ್ಲಿಫೈಯರ್ ಅಥವಾ ಫೋನೋ ಸ್ಟೇಜ್‌ನಲ್ಲಿ (ಸೂಜಿಯ ಸಣ್ಣ ಸಿಗ್ನಲ್‌ನ ದೊಡ್ಡದು ಮಾಡೋ ಡಬ್ಬ) ಮೋನೋ, ಅಂದ್ರೆ ಎರಡೂ ಸ್ಪೀಕರ್‌ಗೆ ಒಂದೇ ಸದ್ದು, ಅಂತ ಒಂದು ಸ್ವಿಚ್ ಇದ್ರೆ ಬಹಳ ಒಳ್ಳೇದು. ಸ್ಟೀರಿಯೋ ಎಲ್‌ಪಿ ಮಾರ್ಕೆಟ್‌ಗೆ ಬಂದಿದ್ದೇ 1957-58ರಲ್ಲಿ, ಅದಕ್ಕೂ ಮುಂಚಿನ ಜಾಝ್ ಎಲ್‌ಪಿ ಎಲ್ಲಾ ಮೋನೋನೇ, ಆಮೇಲೂ ಸುಮಾರು 1968ರ ತನಕ ಅಮೆರಿಕದಲ್ಲಿ ಮೋನೋನೂ ಬರ್ತಾ ಇತ್ತು. ಮೋನೋ ರೆಕಾರ್ಡ್‌ನ ಸ್ಟೀರಿಯೋ ಸೂಜಿಯಲ್ಲಿ ಹಾಕಿದ್ರೆ ಸಂಗೀತದ ಜೊತೆ ಧೂಳಿನ ಚಟಪಟ ಎಲ್ಲಾ ಎರಡೂ ಸ್ಪೀಕರ್‌ನಲ್ಲಿ ಬೇರೆ ಬೇರೆಯಾಗಿ ಕೇಳ್ಸತ್ತೆ, ಆ ಸ್ವಿಚ್ ಒತ್ತಿದ್ ತಕ್ಷಣ ಅರ್ಧ ಗಲಾಟೆ ಮಾಯ.

ಏನ್ ಕೊಳ್ಬೇಕು ಅಂತ ತೀರ್ಮಾನ ಮಾಡ್ಕೊಳ್ಳಿ

ಅಂಗಡಿಗೆ ಹೋಗೋಕ್ ಮುಂಚೆ ಮೊಬೈಲ್‌ನಲ್ಲಿ ಸ್ಟ್ರೀಮಿಂಗ್‌ನಲ್ಲೇ ಕೇಳಿ ಕೇಳಿ ಒಂದು ಪಟ್ಟಿ ಮಾಡಿ. ಜಾಝ್ ಅಂದ್ರೆ ದೊಡ್ಡ ಸಮುದ್ರ, ಎಲ್ಲಾ ಕಲೆಕ್ಟ್ ಮಾಡ್ತೀನಿ ಅಂತ ಹೊರಟ್ರೆ ಮನೇಲಿ ಜಾಗ ಮೊದ್ಲು ಮುಗ್ಯತ್ತೆ ಆಮೇಲೆ ದುಡ್ಡು. ಒಂದು ವಾದ್ಯ ಹಿಡ್ಕೊಳ್ಳಿ, ಅಥವಾ ಒಂದು ಲೇಬಲ್ (ರೆಕಾರ್ಡ್ ಕಂಪನಿ), ಅಥವಾ ಒಬ್ಬ ಸೈಡ್‌ಮ್ಯಾನ್, ಅಂದ್ರೆ ಇನ್ನೊಬ್ಬರ ಹೆಸರಿನ ರೆಕಾರ್ಡ್‌ನಲ್ಲಿ ಜೊತೆಗೆ ನುಡಿಸೋನು. ನನಗೆ ಸೈಡ್‌ಮ್ಯಾನ್ ದಾರಿ ಬಹಳ ಇಷ್ಟ. ಉದಾಹರಣೆಗೆ ಪಾಲ್ ಚೇಂಬರ್ಸ್ ಅನ್ನೋ ಬೇಸ್ ವಾದಕನ್ನ ಹಿಡ್ಕೊಂಡ್ರೆ ಮೈಲ್ಸ್ ಡೇವಿಸ್ ಸಿಗ್ತಾನೆ, ಕೋಲ್ಟ್ರೇನ್ ಸಿಗ್ತಾನೆ, ಸಾನಿ ರಾಲಿನ್ಸ್ ಸಿಗ್ತಾನೆ, ವಿಂಟನ್ ಕೆಲ್ಲಿ ಸಿಗ್ತಾನೆ, ಕವರ್ ಹಿಂದಿನ ಹೆಸರುಗಳನ್ನ ಓದೋ ಅಭ್ಯಾಸನೂ ತಾನಾಗೇ ಬರತ್ತೆ. ಗೊತ್ತಿಲ್ಲದ ಲೀಡರ್ ಹೆಸರಿನ ಎಲ್‌ಪಿ ಹಿಂದೆ ಗೊತ್ತಿರೋ ನಾಲ್ಕು ಹೆಸರು ಕಂಡ್ರೆ ಕೊಳ್ಳೋದು ಸುಲಭ.

ಶುರುವಿಗೆ ಅಗ್ಗದ ರೆಕಾರ್ಡ್ ಬೇಕಂದ್ರೆ ಆ ಕಾಲದಲ್ಲಿ ರಾಶಿ ರಾಶಿ ಮಾರಾಟ ಆದವುಗಳನ್ನ ಹುಡುಕಿ. ಡೇವ್ ಬ್ರೂಬೆಕ್, ಎರಲ್ ಗಾರ್ನರ್, ಅಹ್ಮದ್ ಜಮಾಲ್, ರ‍್ಯಾಮ್ಸೀ ಲೂಯಿಸ್, ಜಾರ್ಜ್ ಶಿಯರಿಂಗ್, ಸ್ಟ್ಯಾನ್ ಗೆಟ್ಜ್‌ನ ಬೋಸಾ ನೋವಾ ಎಲ್‌ಪಿಗಳು. ಇವು ಆಗ ಪ್ರತಿ ಎರಡನೇ ಮನೇಲಿ ಇದ್ವೇನೋ ಅನ್ನೋಷ್ಟು ಸಿಗ್ತಾವೆ, ಅದಕ್ಕೇ ರೇಟ್ ಕಮ್ಮಿ, ಸಂಗೀತ ಏನೂ ಕಮ್ಮಿ ಇಲ್ಲ. ಅಹ್ಮದ್ ಜಮಾಲ್‌ನ 1958ರ ಲೈವ್ ಎಲ್‌ಪಿನ ಎರಡು ಡಾಲರ್ ಡಬ್ಬದಲ್ಲಿ ನೋಡಿದಾಗೆಲ್ಲ ನನಗೆ ಅನ್ಯಾಯ ಅನ್ಸತ್ತೆ.

ರೆಕಾರ್ಡ್ ಓದೋದು

ಈಗ ಮುಖ್ಯ ವಿಷಯ. ಇದನ್ನ ನಿಧಾನಕ್ಕೆ ಓದಿ.

ಕವರ್ ಸುಳ್ಳು ಹೇಳತ್ತೆ. ಕಂಪನಿಯೋರು ಉಳಿದ ಹಳೇ ಕವರನ್ನೇ ಹೊಸ ಪ್ರೆಸ್ಸಿಂಗ್‌ಗೂ ಬಳಸ್ತಿದ್ರು, ಮನೆಯೋರು ಪಾರ್ಟಿ ಮುಗಿದ ಮೇಲೆ ಯಾವುದೋ ರೆಕಾರ್ಡ್‌ನ ಇನ್ಯಾವುದೋ ಕವರ್‌ಗೆ ತುರುಕ್ತಿದ್ರು. ಹಾಗಾಗಿ ಕೈಗೆ ಬಂದ ಎಲ್‌ಪಿನ ಹೊರಗೆ ತೆಗೀದೆ ಕೊಳ್ಳೋದೇ ಬೇಡ. ನೋಡ್ಬೇಕಾದ್ದು ಎರಡು ಜಾಗ: ಮಧ್ಯದ ಕಾಗದದ ಲೇಬಲ್, ಮತ್ತೆ ಕೊನೇ ಟ್ರ್ಯಾಕ್ ಮುಗಿದ ಮೇಲೆ ಲೇಬಲ್ ಶುರು ಆಗೋ ತನಕ ಇರೋ ನುಣುಪಾದ ಖಾಲಿ ಪಟ್ಟಿ. ಅದಕ್ಕೆ ಡೆಡ್ ವ್ಯಾಕ್ಸ್ ಅಂತಾರೆ, ರನ್‌ಔಟ್ ಅಂತಾನೂ ಅಂತಾರೆ. ಅಲ್ಲಿ ಕೈಯಲ್ಲಿ ಗೀಚಿರೋ ಅಥವಾ ಸ್ಟ್ಯಾಂಪ್ ಹೊಡೆದಿರೋ ಸಣ್ಣ ಅಕ್ಷರ, ನಂಬರ್ ಇರ್ತಾವೆ. ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದ್ರೆ ಕಾಣ್ಸತ್ತೆ.

ಬ್ಲೂ ನೋಟ್‌ನಿಂದ ಶುರು ಮಾಡೋಣ, ಜನ ಜಾಸ್ತಿ ಹುಡುಕೋದೂ ಅದನ್ನೇ, ಮೋಸ ಹೋಗೋದೂ ಅಲ್ಲೇ. 1939ರಲ್ಲಿ ಆಲ್ಫ್ರೆಡ್ ಲಯನ್ ಶುರು ಮಾಡಿದ ಕಂಪನಿ, 60ರ ದಶಕದ ಮಧ್ಯದಲ್ಲಿ ಲಿಬರ್ಟಿ ಅನ್ನೋ ದೊಡ್ಡ ಕಂಪನಿಗೆ ಮಾರಾಟ ಆಯ್ತು. ಲೇಬಲ್ ಮೇಲಿನ ವಿಳಾಸನೇ ನಿಮಗೆ ಕ್ಯಾಲೆಂಡರ್. 50ರ ದಶಕದ ಮಧ್ಯದಲ್ಲಿ 767 ಲೆಕ್ಸಿಂಗ್ಟನ್ ಅವೆನ್ಯೂ ಅಂತ ಇರತ್ತೆ, 1957ರಿಂದ 47 ವೆಸ್ಟ್ 63ನೇ ಸ್ಟ್ರೀಟ್, ಸುಮಾರು 1962ರಿಂದ ಬರೀ ನ್ಯೂಯಾರ್ಕ್ ಯುಎಸ್‌ಎ, 1966ರಿಂದ ಲಿಬರ್ಟಿ ರೆಕಾರ್ಡ್ಸ್‌ನ ಒಂದು ವಿಭಾಗ ಅಂತ ಕೆಳಗಡೆ ಸಣ್ಣಕ್ಷರದಲ್ಲಿ.

ಆದ್ರೆ ಲೇಬಲ್ ಒಂದನ್ನೇ ನಂಬೋಕಾಗಲ್ಲ, ಯಾಕಂದ್ರೆ ಲಿಬರ್ಟಿಯೋರು ಉಳಿದಿದ್ದ ಹಳೇ ನ್ಯೂಯಾರ್ಕ್ ಲೇಬಲ್‌ಗಳನ್ನೂ ಅಂಟಿಸಿ ಖಾಲಿ ಮಾಡಿದ್ರು. ಅದಕ್ಕೆ ಡೆಡ್ ವ್ಯಾಕ್ಸ್ ನೋಡಿ. ಅಲ್ಲಿ ಒಂದು ಪುಟ್ಟ ಕಿವಿ ಆಕಾರದ ಗುರುತಿದ್ರೆ ಅದು ಪ್ಲಾಸ್ಟಿಲೈಟ್ ಅನ್ನೋ ಫ್ಯಾಕ್ಟ್ರಿಯಲ್ಲಿ ಒತ್ತಿದ್ದು, ಇಂಗ್ಲಿಷಿನ ಪಿ ಅಕ್ಷರನ ಸೊಟ್ಟಗೆ ಬರೆದಿರೋದು ಕಿವಿ ತರ ಕಾಣತ್ತೆ, ಕಲೆಕ್ಟರ್‌ಗಳೆಲ್ಲ ಅದಕ್ಕೆ ಇಯರ್ ಅಂತಾನೇ ಕರೆಯೋದು. ಲಿಬರ್ಟಿ ಕೈಗೆ ಹೋದ ಮೇಲೆ 1966ರಲ್ಲಿ ಆ ಗುರುತು ನಿಂತೋಯ್ತು. ಕಿವಿ ಇದ್ರೆ ಲಿಬರ್ಟಿಗಿಂತ ಹಿಂದಿನದು, ರೇಟ್ ಆಕಾಶಕ್ಕೆ. ಕಿವಿ ಇಲ್ಲ ಆದ್ರೆ ವ್ಯಾನ್ ಗೆಲ್ಡರ್ ಹೆಸರೋ ಅವನ ಆರ್‌ವಿಜಿ ಇನಿಷಿಯಲ್ಲೋ ಇದೆ ಅಂದ್ರೆ? ಅದೇ ನಮ್ಮಂಥೋರ ರೆಕಾರ್ಡು. ವ್ಯಾನ್ ಗೆಲ್ಡರ್ ತಾನೇ ಕಟ್ ಮಾಡಿದ (ಅಂದ್ರೆ ಟೇಪಿನ ಸಂಗೀತನ ಗ್ರೂವ್ ಅನ್ನೋ ಗೆರೆಯಾಗಿ ಕೊರೆದ) ಮಾಸ್ಟರ್ ಪ್ಲೇಟ್‌ನಿಂದ ಬಂದ ಅಚ್ಚುಗಳನ್ನ ಲಿಬರ್ಟಿಯೋರೂ ಬಳಸ್ತಿದ್ರು, ಆಮೇಲೆ ಬ್ಲೂ ನೋಟ್ ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ಕಂಪನಿ ಕೈಲಿದ್ದ 70ರ ದಶಕದ ನೀಲಿ ಲೇಬಲ್ ಪ್ರೆಸ್ಸಿಂಗ್‌ಗಳಲ್ಲೂ ಕೆಲವಕ್ಕೆ ಅವನ ಸ್ಟ್ಯಾಂಪ್ ಇದೆ. ಸದ್ದು ಹೆಚ್ಚುಕಮ್ಮಿ ಅದೇ, ರೇಟ್ ಮಾತ್ರ ಎಷ್ಟೋ ಪಟ್ಟು ಕಮ್ಮಿ. ನನ್ನ ಕಪಾಟಿನಲ್ಲಿರೋ ಬ್ಲೂ ನೋಟ್‌ಗಳಲ್ಲಿ ಜಾಸ್ತಿ ಇವೇ, ಕಿವಿ ಇರೋದು ಬೇಕು ಅಂತ ಹಟ ಹಿಡಿಯೋರು ಸಂಗೀತಕ್ಕಿಂತ ಸ್ಟಾಂಪ್ ಕಲೆಕ್ಷನ್‌ಗೆ ಹತ್ತಿರ ಅಂತ ನನ್ನ ಅಭಿಪ್ರಾಯ, ಬೈದ್ರೂ ಪರವಾಗಿಲ್ಲ.

ಲೇಬಲ್ ಮೇಲೆ ಗುಂಡಗೆ ಒತ್ತಿದ ಒಂದು ಆಳದ ಬಳೆ ಕಾಣ್ಸಿದ್ರೆ ಅದಕ್ಕೆ ಡೀಪ್ ಗ್ರೂವ್ ಅಂತಾರೆ, ಹಳೇ ಪ್ರೆಸ್ ಮಷಿನ್‌ನ ಡೈ ಬಿಟ್ಟ ಗುರುತು ಅದು. ಒಳ್ಳೇ ಸುಳಿವು, ಆದ್ರೆ ಅದೊಂದರಿಂದ್ಲೇ ಮೊದಲ ಪ್ರೆಸ್ಸಿಂಗ್ ಅಂತ ಹೇಳೋಕಾಗಲ್ಲ, ಅದಕ್ಕೂ ಸದ್ದಿಗೂ ಸಂಬಂಧಾನೂ ಇಲ್ಲ.

ಕೊಲಂಬಿಯಾ ಕಂಪನಿಯದ್ದು ಸುಲಭ. 1955ರಿಂದ 62ರ ತನಕ ಲೇಬಲ್‌ನಲ್ಲಿ ಎರಡು ಕಡೆ ಮೂರು ಮೂರು ಕಣ್ಣಿನ ಗುರುತು, ಸಿಕ್ಸ್ ಐ ಅಂತಾರೆ. ಆಮೇಲೆ ಎರಡು ಕಣ್ಣು. 1970ರಿಂದ ಅಂಚಲ್ಲಿ ಸುತ್ತಲೂ ಕಂಪನಿ ಹೆಸರು ಬರ್ದಿರೋ ಕೆಂಪು ಲೇಬಲ್. ಮೈಲ್ಸ್ ಡೇವಿಸ್‌ನ ಕೈಂಡ್ ಆಫ್ ಬ್ಲೂ 1959ರಲ್ಲಿ ಬಂತು, ಮೋನೋ ನಂಬರ್ ಸಿಎಲ್ 1355, ಸ್ಟೀರಿಯೋ ಸಿಎಸ್ 8163, ಮೊದಮೊದಲ ಕವರ್‌ಗಳಲ್ಲಿ ಸ್ಯಾಕ್ಸ್ ವಾದಕ ಆಡರ್ಲಿಯ ಸ್ಪೆಲ್ಲಿಂಗ್ ತಪ್ಪು, ಕೊನೇ ಎರಡು ಟ್ರ್ಯಾಕ್‌ಗಳ ಹೆಸರು ಅದಲುಬದಲು. ಇನ್ನೊಂದು ತಮಾಷೆ ಅಂದ್ರೆ ಆ ಎಲ್‌ಪಿಯ ಮೊದಲ ಸೈಡ್ ರೆಕಾರ್ಡ್ ಆಗುವಾಗ ಟೇಪ್ ಮಷಿನ್ ಸ್ವಲ್ಪ ನಿಧಾನ ಓಡ್ತಿತ್ತು, ಹಾಗಾಗಿ ಪ್ಲೇ ಮಾಡುವಾಗ ಶ್ರುತಿ ಸ್ವಲ್ಪ ಮೇಲಿರತ್ತೆ, ಇದನ್ನ ಸರಿ ಮಾಡಿದ್ದು 1990ರ ದಶಕದಲ್ಲಿ. ಅಂದ್ರೆ ದುಬಾರಿ ಒರಿಜಿನಲ್‌ನಲ್ಲಿ ಶ್ರುತಿ ತಪ್ಪು, ಅಗ್ಗದ ಹೊಸ ರೀಇಶ್ಯೂನಲ್ಲಿ (ಮರುಬಿಡುಗಡೆಯಲ್ಲಿ) ಸರಿ!

ಇಂಪಲ್ಸ್ ಲೇಬಲ್ 1960ರಲ್ಲಿ ಶುರುವಾಗಿದ್ದು, ಒಳ್ಳೇ ಕಾಲದ ರೆಕಾರ್ಡ್‌ಗಳಿಗೆ ಕಿತ್ತಳೆ-ಕಪ್ಪು ಲೇಬಲ್, 1968ರ ಆಸುಪಾಸಿಂದ ಕೆಂಪು-ಕಪ್ಪು. ಪ್ರೆಸ್ಟೀಜ್‌ದು ಹಳದಿ-ಕಪ್ಪು ಲೇಬಲ್, ಮೊದಲು ನ್ಯೂಯಾರ್ಕ್ 50ನೇ ಸ್ಟ್ರೀಟ್ ವಿಳಾಸ, ಆಮೇಲೆ ನ್ಯೂಜೆರ್ಸಿಯ ಬರ್ಗನ್‌ಫೀಲ್ಡ್, 1964ರ ನಂತರ ತ್ರಿಶೂಲದ ಗುರುತಿರೋ ನೀಲಿ ಲೇಬಲ್. ನೀಲಿ ತ್ರಿಶೂಲದ್ರಲ್ಲೂ ವ್ಯಾನ್ ಗೆಲ್ಡರ್ ಸ್ಟ್ಯಾಂಪ್ ಹುಡುಕಿ, ಸಿಗ್ತಾವೆ. ಉಳಿದ ಲೇಬಲ್‌ಗಳದ್ದು ಒಂದೊಂದೇ ಕೈಗೆ ಬಂದಾಗ ಕಲಿಯೋದು ವಾಸಿ.

ಬೇಡದೇ ಇರೋದು ಯಾವುದು ಅಂತಾನೂ ಹೇಳ್ಬಿಡ್ತೀನಿ. ಕವರ್ ಮೇಲೆ ಎಲೆಕ್ಟ್ರಾನಿಕಲಿ ರೀಚಾನೆಲ್ಡ್ ಫಾರ್ ಸ್ಟೀರಿಯೋ ಅಂತಲೋ ಡ್ಯುಯೋಫೋನಿಕ್ ಅಂತಲೋ ಇದ್ರೆ ವಾಪಸ್ ಇಟ್ಬಿಡಿ, ಮೋನೋ ರೆಕಾರ್ಡಿಂಗ್‌ನ ಎಳೆದಾಡಿ ಸುಳ್ಳು ಸ್ಟೀರಿಯೋ ಮಾಡಿರೋದು, ಕೊಳವೆ ಒಳಗಿಂದ ಕೇಳಿದ ಹಾಗಿರತ್ತೆ. ಹಾಗೇ ಯುರೋಪಿನಲ್ಲಿ 1963ಕ್ಕಿಂತ ಮುಂಚೆ ಬಂದ ರೆಕಾರ್ಡಿಂಗ್‌ಗಳ ಕಾಪಿರೈಟ್ ಮುಗಿದೋಗಿದೆ, ಅದನ್ನ ಬಳಸ್ಕೊಂಡು ಸಿಡಿಯಿಂದ್ಲೇ ಹೊಸ ಎಲ್‌ಪಿ ಒತ್ತಿ ಮಾರೋರಿದ್ದಾರೆ, ಹೊಳೆಯೋ ಕವರ್, ದಪ್ಪ ರೆಕಾರ್ಡ್, 180 ಗ್ರಾಂ ಅಂತ ಸ್ಟಿಕರ್ ಬೇರೆ. ಯಾವ ಟೇಪ್‌ನಿಂದ, ಯಾರು ಕಟ್ ಮಾಡಿದ್ದು ಅಂತ ಎಲ್ಲೂ ಬರ್ದಿಲ್ಲ ಅಂದ್ರೆ ಅನುಮಾನ ಪಡಿ.

ಮಧ್ಯಮ ವರ್ಗದ ಕಲೆಕ್ಟರ್‌ಗೆ ನಿಜವಾದ ಗಣಿ ಅಂದ್ರೆ 70-80ರ ದಶಕದ ರೀಇಶ್ಯೂಗಳು. ಫ್ಯಾಂಟಸಿ ಕಂಪನಿ 1971-72ರಲ್ಲಿ ಪ್ರೆಸ್ಟೀಜ್, ರಿವರ್‌ಸೈಡ್ ಎರಡನ್ನೂ ಕೊಂಡ್ಕೊಂಡು ಎರಡೆರಡು ಎಲ್‌ಪಿ ಸೇರ್ಸಿ ಡಬಲ್ ಸೆಟ್ ಮಾಡಿ ಬಿಟ್ರು, ಕವರ್ ಡಿಸೈನ್ ಅಷ್ಟಕ್ಕಷ್ಟೇ, ಅದಕ್ಕೇ ಇವತ್ತಿಗೂ ಅಗ್ಗ. ಆಮೇಲೆ 80ರ ದಶಕದಲ್ಲಿ ಅದೇ ಕಂಪನಿಯ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಸರಣಿ ಬಂತು, ಹಿಂದೆ ಓಜೆಸಿ ಅಂತ ನಂಬರ್ ಇರತ್ತೆ, ಹಳೇ ಕವರನ್ನೇ ಮತ್ತೆ ಪ್ರಿಂಟ್ ಮಾಡಿದ್ರು. ಜಪಾನಿನ ಕಿಂಗ್ ಕಂಪನಿ 1977ರಿಂದ 83ರ ತನಕ ಒತ್ತಿದ ಬ್ಲೂ ನೋಟ್‌ಗಳಂತೂ ಇಷ್ಟು ಸೈಲೆಂಟ್ ಸರ್ಫೇಸ್ ಅಂದ್ರೆ ರೆಕಾರ್ಡ್ ಓಡ್ತಿದ್ಯಾ ಇಲ್ವಾ ಅಂತ ಎದ್ದು ನೋಡ್ಬೇಕು. ಹೊಸದೇ ಬೇಕು ಅನ್ನೋರಿಗೆ 2019ರಿಂದ ಬರ್ತಿರೋ ಬ್ಲೂ ನೋಟ್ ಟೋನ್ ಪೊಯೆಟ್ ಸರಣಿ ಕಣ್ಮುಚ್ಚಿ ಕೊಳ್ಳೋ ಹಾಗಿದೆ, ಕೆವಿನ್ ಗ್ರೇ ಒರಿಜಿನಲ್ ಟೇಪ್‌ಗಳಿಂದ ಕಟ್ ಮಾಡ್ತಿರೋದು.

ಎಲ್ಲಿ ಹುಡುಕೋದು

ಒಳ್ಳೇ ರೆಕಾರ್ಡ್ ಅಂಗಡಿಗಳಿಂದ ಶುರು ಮಾಡಿ, ಕೊಳ್ಳೋಕಲ್ಲ, ಕಣ್ಣು ಪಳಗಿಸೋಕೆ. ಪ್ರಿನ್ಸ್‌ಟನ್ ರೆಕಾರ್ಡ್ ಎಕ್ಸ್‌ಚೇಂಜ್, ಮ್ಯಾನ್‌ಹಟನ್‌ನ ಜಾಝ್ ರೆಕಾರ್ಡ್ ಸೆಂಟರ್, ಕ್ಯಾಲಿಫೋರ್ನಿಯಾ ಕಡೆ ಇರೋರಿಗೆ ಬರ್ಕ್ಲಿ, ಸ್ಯಾನ್‌ಫ್ರಾನ್ಸಿಸ್ಕೋದ ಅಮೀಬಾ. ಗೋಡೆ ಮೇಲೆ ನೇತು ಹಾಕಿರೋ ದುಬಾರಿ ರೆಕಾರ್ಡ್ ತೋರ್ಸಿ ಅಂತ ಕೇಳಿ, ಕೊಳ್ಳಲ್ಲ ಸುಮ್ನೆ ನೋಡ್ತೀನಿ ಅಂತ ಹೇಳಿದ್ರೂ ಜನ ಇಲ್ದಿರೋ ಹೊತ್ತಲ್ಲಿ ಖುಷಿಯಿಂದ ತೋರ್ಸೋರಿದ್ದಾರೆ. ಕಿವಿ ಗುರುತು, ಡೀಪ್ ಗ್ರೂವ್, ಹಳೇ ಕವರ್‌ನ ದಪ್ಪ ರಟ್ಟು, ಇವೆಲ್ಲ ಫೋಟೋದಲ್ಲಿ ನೂರು ಸಲ ನೋಡೋದಕ್ಕಿಂತ ಒಂದ್ಸಲ ಕೈಯಲ್ಲಿ ಹಿಡಿದ್ರೆ ಮನಸ್ಸಲ್ಲಿ ಕೂರತ್ತೆ. ಟೋಕಿಯೋಗೆ ಕೆಲಸದ ಮೇಲೆ ಹೋಗೋರಿದ್ರೆ ಡಿಸ್ಕ್ ಯೂನಿಯನ್ ಅಂಗಡಿಗಳಿಗೆ ಅರ್ಧ ದಿನ ಇಟ್ಕೊಳ್ಳಿ, ಜಾಝ್‌ಗೇ ಪ್ರತ್ಯೇಕ ಅಂಗಡಿ ಇದೆ, ಜಪಾನಿನೋರು ರೆಕಾರ್ಡ್‌ನ ಎಷ್ಟು ಜೋಪಾನ ಮಾಡ್ತಾರೆ ಅಂದ್ರೆ ಕವರ್ ಸುತ್ತ ಇರೋ ಕಾಗದದ ಪಟ್ಟಿ, ಓಬಿ ಅಂತಾರಲ್ಲ, ಅದೂ ನಲವತ್ತು ವರ್ಷ ಆದ್ರೂ ಹರಿದಿರಲ್ಲ.

ನಿಜವಾದ ಬೇಟೆ ಇರೋದು ಎಸ್ಟೇಟ್ ಸೇಲ್‌ನಲ್ಲಿ. ಅಂದ್ರೆ ಮನೆ ಯಜಮಾನ್ರು ತೀರ್ಕೊಂಡ ಮೇಲೋ ವೃದ್ಧಾಶ್ರಮಕ್ಕೆ ಹೋದ ಮೇಲೋ ಮನೆಯೊಳಗಿನ ಸಾಮಾನೆಲ್ಲ ಮಾರೋದು. ಲಿಸ್ಟಿಂಗ್ ಫೋಟೋಗಳನ್ನ ಗುರುವಾರನೇ ಜೂಮ್ ಮಾಡಿ ನೋಡಿ. ರೆಕಾರ್ಡ್ ಫೋಟೋ ಇಲ್ದಿದ್ರೂ ಹಳೇ ಮ್ಯಾಕಿಂಟಾಷ್ ಆಂಪ್ಲಿಫೈಯರ್, ಟ್ಯೂಬ್ ರೇಡಿಯೋ, ಪಿಯಾನೋ, ಟ್ರಂಪೆಟ್ ಕೇಸ್ ಕಾಣ್ಸಿದ್ರೆ ಹೋಗಿ. ಮೊದಲ ದಿನ ಪೂರ್ತಿ ರೇಟ್, ಕೊನೇ ದಿನ ಸಾಮಾನ್ಯವಾಗಿ ಅರ್ಧ, ಆದ್ರೆ ಒಳ್ಳೇದು ಮೊದಲ ದಿನ ಮೊದಲ ಗಂಟೇಲೇ ಹೋಗ್ಬಿಟ್ಟಿರತ್ತೆ, ಬೆಳಿಗ್ಗೆನೇ ಹೋಗಿ ಕ್ಯೂ ನಿಲ್ಲೋರಿರ್ತಾರೆ. ಬೇಸ್‌ಮೆಂಟ್‌ನಲ್ಲಿ ಇಟ್ಟಿದ್ರೆ ಮೊದ್ಲು ಮೂಸಿ ನೋಡಿ. ತಮಾಷೆಯಲ್ಲ, ಬೂಷ್ಟು ವಾಸನೆ ಕವರ್‌ನಿಂದ ಹೋಗಲ್ಲ, ಪಕ್ಕದ್ದಕ್ಕೂ ಹತ್ಕೊಳ್ಳತ್ತೆ.

ಇಂಥ ಕಡೆ ಮನೆಯೋರು ಅಲ್ಲೇ ಇದ್ರೆ ಸ್ವಲ್ಪ ಸೂಕ್ಷ್ಮವಾಗಿರಿ, ಅವರ ಅಪ್ಪನ ರೆಕಾರ್ಡ್ ಅದು. ಇನ್ನೂರು ಡಾಲರ್ ಬಾಳೋದನ್ನ ಎರಡು ಡಾಲರ್‌ಗೆ ಕೊಟ್ರೆ ಏನ್ಮಾಡ್ಬೇಕು ಅಂತ ಕೇಳೋರಿದ್ದಾರೆ. ಸೇಲ್ ನಡೆಸೋ ಕಂಪನಿ ಇಟ್ಟ ರೇಟ್ ಆದ್ರೆ ತಗೊಂಡ್ ಬನ್ನಿ, ಅದು ಅವರ ವ್ಯಾಪಾರ. ಒಬ್ಬ ವಿಧವೆ ಅಜ್ಜಿ ತಾನೇ ಕೂತು ಮಾರ್ತಿದ್ರೆ ನಾನಂತೂ ನಿಜ ಹೇಳ್ತೀನಿ, ಹೇಳಿದ ಮೇಲೂ ನಮಗೇ ಕೊಡ್ತಾರೆ ಸಾಮಾನ್ಯವಾಗಿ, ಜೊತೆಗೆ ಒಳಗಿನ ರೂಮಿನ ಇನ್ನೊಂದು ಡಬ್ಬಾನೂ ತೋರಿಸ್ತಾರೆ.

ಗುಡ್‌ವಿಲ್, ಸಾಲ್ವೇಷನ್ ಆರ್ಮಿ ತರದ ದಾನದ ಸಾಮಾನಿನ ಅಂಗಡಿ, ಲೈಬ್ರರಿ ಬುಕ್ ಸೇಲ್‌ಗಳಲ್ಲಿ ಬಹುಪಾಲು ಕ್ರಿಸ್ಮಸ್ ಹಾಡು, ಮಂಡಿ ನೋವು. ಆದ್ರೆ ಅಲ್ಲೂ, ಅಂಗಡಿಗಳಲ್ಲೂ ಒಂದು ಉಪಾಯ ಇದೆ: ಜಾಝ್ ಅಂತ ಬರೆದಿರೋ ಡಬ್ಬಾನ ಕೊನೆಗೆ ನೋಡಿ, ಮೊದ್ಲು ಸೌಂಡ್‌ಟ್ರ್ಯಾಕ್, ಲ್ಯಾಟಿನ್, ಈಸಿ ಲಿಸನಿಂಗ್, ಲೇಡಿ ಸಿಂಗರ್ಸ್ ಡಬ್ಬಗಳನ್ನ ತಿರುವಿ. ಸಾನಿ ರಾಲಿನ್ಸ್‌ನ 1966ರ ಆಲ್ಫಿ ಇಂಪಲ್ಸ್ ಎಲ್‌ಪಿ, ಆದ್ರೆ ಸಿನಿಮಾ ಹೆಸರಿರೋದ್ರಿಂದ ಸೌಂಡ್‌ಟ್ರ್ಯಾಕ್ ಡಬ್ಬ ಸೇರ್ಕೊಂಡಿರತ್ತೆ. ಡ್ಯೂಕ್ ಎಲಿಂಗ್ಟನ್‌ನ 1959ರ ಅನಾಟಮಿ ಆಫ್ ಎ ಮರ್ಡರ್ ಕೂಡ ಹಾಗೇ. ಕವರ್ ಮೇಲೆ ಚೆಂದದ ಹುಡುಗಿ ಫೋಟೋ ಇದ್ರೆ ಒಳಗೆ ಎಂಥ ಘನಂದಾರಿ ಸೋಲೋ ಇದ್ರೂ ಅದನ್ನ ಈಸಿ ಲಿಸನಿಂಗ್‌ಗೆ ಹಾಕೋರಿದ್ದಾರೆ.

ಬೆಂಗಳೂರಿನಲ್ಲಿರೋರಿಗೆ ನಿಜ ಹೇಳ್ಬೇಕಂದ್ರೆ ಕಷ್ಟ. ಚಿಕ್ಕಪೇಟೆ ಕಡೆ ಸಂಡೇ ಬಜಾರ್‌ನಲ್ಲಿ ರಾಜ್‌ಕುಮಾರ್ ಸಿನಿಮಾ ಎಲ್‌ಪಿ, ಹಿಂದಿ ಎಲ್‌ಪಿ ಸಿಕ್ಕಷ್ಟು ಜಾಝ್ ಸಿಗಲ್ಲ. ಸಿಕ್ಕಿದ್ರೆ ಲೂಯಿ ಆರ್ಮ್‌ಸ್ಟ್ರಾಂಗ್, ಎಲಿಂಗ್ಟನ್, ನ್ಯಾಟ್ ಕಿಂಗ್ ಕೋಲ್, ಅದೂ ಕಲ್ಕತ್ತಾದ ಡಮ್‌ಡಮ್ ಫ್ಯಾಕ್ಟ್ರಿಯಲ್ಲಿ ಎಚ್‌ಎಂವಿ ಒತ್ತಿದ್ದು. ಕಂಟೋನ್ಮೆಂಟ್ ಕಡೆಯ ಹಳೇ ಮನೆಗಳು, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳು, ಇವರ ಪರಿಚಯ ಇದ್ರೆ ವಿಚಾರಿಸಿ. ಮುಂಬೈನ ಚೋರ್ ಬಜಾರ್, ಕಲ್ಕತ್ತಾದ ಫ್ರೀ ಸ್ಕೂಲ್ ಸ್ಟ್ರೀಟ್ ಇನ್ನೂ ವಾಸಿ, ಆ ಊರುಗಳಲ್ಲಿ ಹೋಟೆಲ್ ಬ್ಯಾಂಡ್‌ಗಳ ಕಾಲದಿಂದ ಜಾಝ್ ಇತ್ತು, ಟೆಡ್ಡಿ ವೆದರ್‌ಫೋರ್ಡ್ ಅನ್ನೋ ಅಮೆರಿಕನ್ ಪಿಯಾನೋ ವಾದಕ ಕಲ್ಕತ್ತಾದಲ್ಲೇ ನುಡಿಸ್ಕೊಂಡಿದ್ದು 1945ರಲ್ಲಿ ಅಲ್ಲೇ ತೀರ್ಕೊಂಡ. ಅವನ 78 ಆರ್‌ಪಿಎಂ ಪ್ಲೇಟ್ ಸಿಕ್ಕಿದ್ರೆ ಬಿಡ್ಬೇಡಿ, ಆದ್ರೆ ಎಲ್‌ಪಿ ಸೂಜಿಯಲ್ಲಿ ಹಾಕ್ಬೇಡಿ, ಅದಕ್ಕೆ ದಪ್ಪ ಸೂಜಿ ಬೇರೇನೇ ಬೇಕು.

ನಮ್ಮೋರ ಹೆಸರಿರೋ ಒಂದು ಎಲ್‌ಪಿ ಮಾತ್ರ ಪ್ರತಿ ಕನ್ನಡದ ಕಲೆಕ್ಟರ್ ಮನೇಲಿ ಇರ್ಬೇಕು ಅಂತ ನನ್ನ ಹಟ. ಜರ್ಮನಿಯ ಇಸಿಎಂ ಕಂಪನಿ 1983ರಲ್ಲಿ ತಂದ ಜ್ಯೋತಿ. ಅಮೆರಿಕನ್ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೋ ಜೊತೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿಯವರ ಗಾಯನ, ಟಿ.ಎ.ಎಸ್. ಮಣಿಯವರ ಮೃದಂಗ. ಅಂಗಡಿಗಳಲ್ಲಿ ವರ್ಲ್ಡ್ ಮ್ಯೂಸಿಕ್ ಡಬ್ಬದಲ್ಲೂ ನೋಡಿ, ಅಲ್ಲಿ ಬಿದ್ದಿರೋ ಚಾನ್ಸ್ ಜಾಸ್ತಿ.

ಕೈಗೆ ಬಂದ ಮೇಲೆ ಪರೀಕ್ಷೆ

ಅಂಚು ಮತ್ತೆ ಲೇಬಲ್ ಮಾತ್ರ ಮುಟ್ಟಿ ಹೊರಗೆ ತೆಗೀರಿ. ಸೀರೆ ಅಂಗಡೀಲಿ ಸೆರಗನ್ನ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲ್ಸಿ ನೋಡ್ತಾರಲ್ಲ ಹಾಗೆ ಒಂದೇ ಬಲ್ಬ್ ಕೆಳಗೆ ವಾಲ್ಸಿ ನೋಡಿ, ಟ್ಯೂಬ್‌ಲೈಟ್‌ನಲ್ಲಿ ಸಣ್ಣ ಗೀರು ಕಾಣಲ್ಲ. ಕೂದಲೆಳೆಯಂಥ ಮೇಲ್ಮೇಲಿನ ಗೀರು ಅಷ್ಟೇನೂ ಕೇಳ್ಸಲ್ಲ. ಉಗುರಿನ ತುದಿಗೆ ತಗಲೋ ಗೀರು ಕೇಳೇ ಕೇಳ್ಸತ್ತೆ, ಒಂದು ಸುತ್ತಿಗೆ ಒಂದ್ಸಲ, ಅಂದ್ರೆ 1.8 ಸೆಕೆಂಡಿಗೊಂದು ಟಕ್. ಟ್ರ್ಯಾಕ್‌ಗಳಿಗೆ ಅಡ್ಡಲಾಗಿರೋ ಗೀರು ಸಹಿಸ್ಕೋಬಹುದು, ಗ್ರೂವ್ ಜೊತೆಗೇ ಓಡೋ ಗೀರು ಸೂಜಿನ ಒಂದೇ ಜಾಗದಲ್ಲಿ ಸುತ್ತಿಸತ್ತೆ.

ಗೀರಿಗಿಂತ ದೊಡ್ಡ ಶತ್ರು ಸವೆತ, ಮತ್ತೆ ಅದು ಕಣ್ಣಿಗೆ ಸುಲಭಕ್ಕೆ ಬೀಳಲ್ಲ. ಆ ಕಾಲದ ಭಾರದ ಸೂಜಿಗಳು ಜೋರಾಗಿ ನುಡಿಸಿದ ಕಡೆಯೆಲ್ಲ ಗ್ರೂವ್‌ನ ಕೆರೆದಿರ್ತಾವೆ, ಅಲ್ಲಿ ಕಪ್ಪು ಹೊಳಪು ಹೋಗಿ ಬೂದಿ ಛಾಯೆ ಬಂದಿರತ್ತೆ. ಲೇಬಲ್ ಮಧ್ಯದ ತೂತಿನ ಸುತ್ತ ನೋಡಿ, ಕತ್ತಲೇಲಿ ತೂತು ಹುಡುಕಿ ಹುಡುಕಿ ಹಾಕಿದ ಗೆರೆಗಳು ತುಂಬಾ ಇದ್ರೆ ರೆಕಾರ್ಡ್ ಬಹಳ ಓಡಿದೆ ಅಂತ. ಅಂಗಡೀಲಿ ಕೇಳೋ ವ್ಯವಸ್ಥೆ ಇದ್ರೆ ಮೊದಲ ಟ್ರ್ಯಾಕ್ ಹಾಕ್ಬೇಡಿ, ಸೈಡ್‌ನ ಕೊನೇ ಟ್ರ್ಯಾಕ್‌ನಲ್ಲಿ ಟ್ರಂಪೆಟ್ ಏರೋ ಜಾಗಕ್ಕೆ ಸೂಜಿ ಇಡಿ, ಸವೆದಿದ್ರೆ ಹರಿದ ಸ್ಪೀಕರ್ ತರ ಕಿರಗುಟ್ಟತ್ತೆ. ಆಮೇಲೆ ಒಂದು ನಿಧಾನದ ಬ್ಯಾಲಡ್‌ನಲ್ಲಿ ಬೇಸ್ ಒಂದೇ ನುಡಿಯೋ ಕಡೆ, ಅಲ್ಲಿ ಚಟಪಟ ಎಷ್ಟಿದೆ ಅಂತ ಗೊತ್ತಾಗತ್ತೆ. ರಾಕ್ ಸಂಗೀತದಲ್ಲಿ ಮುಚ್ಚಿಹೋಗೋ ಸದ್ದೆಲ್ಲ ಜಾಝ್‌ನಲ್ಲಿ ಎದ್ದು ಕೇಳ್ಸತ್ತೆ. ಕೊನೆಗೆ ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು ಸೊಟ್ಟಗಾಗಿದ್ಯಾ ನೋಡಿ.

ಆನ್‌ಲೈನ್ ಮತ್ತೆ ರೇಟು

ಡಿಸ್ಕಾಗ್ಸ್ ಅನ್ನೋ ವೆಬ್‌ಸೈಟ್ 2000ನೇ ಇಸವಿಯಿಂದ ಇದೆ, ಪ್ರತಿ ಪ್ರೆಸ್ಸಿಂಗ್‌ಗೂ ಬೇರೆ ಪೇಜ್, ಡೆಡ್ ವ್ಯಾಕ್ಸ್ ಅಕ್ಷರಗಳ ಸಮೇತ. ಅಲ್ಲಿ ಈಗ ಕೇಳ್ತಿರೋ ರೇಟ್ ನೋಡ್ಬೇಡಿ, ಹಿಂದೆ ನಿಜವಾಗಿ ಮಾರಾಟ ಆಗಿರೋ ರೇಟ್‌ಗಳ ಮಧ್ಯದ ಬೆಲೆ ನೋಡಿ. ಗ್ರೇಡಿಂಗ್ ಬಗ್ಗೆ ಒಂದು ಮಾತು: ನಿಯರ್ ಮಿಂಟ್ ಅಂದ್ರೆ ಹೆಚ್ಚುಕಮ್ಮಿ ಹೊಸದು, ವಿಜಿ (ವೆರಿ ಗುಡ್) ಪ್ಲಸ್ ಅಂದ್ರೆ ಸಣ್ಣಪುಟ್ಟ ಗುರುತು ಆದ್ರೆ ಕೇಳೋಕೆ ಚೆನ್ನಾಗಿದೆ, ಬರೀ ವಿಜಿ ಅಂದ್ರೆ ಸಂಗೀತದ ಜೊತೆ ಸದ್ದೂ ಇದೆ ಅಂತ, ಗುಡ್ ಅಂದ್ರೆ ಗೋಡೆಗೆ ನೇತು ಹಾಕೋಕೆ ಗುಡ್. ಮಾರೋರಿಗೆ ಮೂರು ಪ್ರಶ್ನೆ ಕಳಿಸಿ: ಹಾಕಿ ಕೇಳಿ ಗ್ರೇಡ್ ಮಾಡಿದ್ದಾ ಅಥವಾ ನೋಡಿ ಮಾತ್ರನಾ, ಡೆಡ್ ವ್ಯಾಕ್ಸ್ ಫೋಟೋ ಕಳಿಸ್ತೀರಾ, ರೆಕಾರ್ಡ್‌ನ ಕವರ್‌ನಿಂದ ಹೊರಗೆ ತೆಗೆದು ಪ್ಯಾಕ್ ಮಾಡ್ತೀರಾ. ಕೊನೇದು ಯಾಕಂದ್ರೆ ಒಳಗಿದ್ರೆ ದಾರೀಲಿ ರೆಕಾರ್ಡ್ ಅಂಚು ಕವರ್‌ನ ಸೀಳ್ಕೊಂಡು ಆಚೆ ಬಂದಿರತ್ತೆ. ಅಮೆರಿಕದೊಳಗೆ ಪೋಸ್ಟ್ ಆಫೀಸಿನ ಮೀಡಿಯಾ ಮೇಲ್ ನಿಧಾನ ಆದ್ರೂ ಬಹಳ ಅಗ್ಗ, ಒಬ್ಬರ ಹತ್ರಾನೇ ನಾಲ್ಕೈದು ಸೇರ್ಸಿ ತರ್ಸಿ. ಇಂಡಿಯಾಗೆ ತರ್ಸೋದಾದ್ರೆ ಶಿಪ್ಪಿಂಗು, ಕಸ್ಟಮ್ಸ್ ಡ್ಯೂಟಿ ಎರಡನ್ನೂ ಸೇರಿಸ್ಕೊಂಡೇ ರೇಟ್ ಲೆಕ್ಕ ಹಾಕಿ, ಎಷ್ಟೋ ಸಲ ರೆಕಾರ್ಡ್‌ಗಿಂತ ಅದೇ ಜಾಸ್ತಿ.

ತೊಳೆಯೋದು, ಇಡೋದು

ಸೆಕೆಂಡ್‌ಹ್ಯಾಂಡ್ ರೆಕಾರ್ಡ್‌ನ ತೊಳೀದೆ ಹಾಕ್ಲೇಬೇಡಿ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್, ಒಂದೆರಡು ಹನಿ ವೆಟ್ಟಿಂಗ್ ಏಜೆಂಟ್ (ನೀರು ಗ್ರೂವ್ ಒಳಗೆ ಇಳಿಯೋ ಹಾಗೆ ಮಾಡೋ ದ್ರವ), ಮೆತ್ತನೆ ಬ್ರಷ್‌ನಲ್ಲಿ ಗ್ರೂವ್ ಹೋದ ದಿಕ್ಕಿಗೇ ಸುತ್ತ ಉಜ್ಜಿ, ಆಮೇಲೆ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಂದ್ಸಲ, ಲೇಬಲ್ ನೆನೀಬಾರ್ದು, ಪಾತ್ರೆ ಒಣಗಿಸೋ ಸ್ಟ್ಯಾಂಡ್‌ನಲ್ಲಿ ನೆಟ್ಟಗೆ ನಿಲ್ಸಿ ಒಣಗ್ಸಿ. ನಲ್ಲಿ ನೀರು, ಅದೂ ನಮ್ಮೂರ ಬೋರ್‌ವೆಲ್ ನೀರು ಬೇಡವೇ ಬೇಡ, ಗ್ರೂವ್ ಒಳಗೆ ಉಪ್ಪು ಕೂರತ್ತೆ. 78 ಆರ್‌ಪಿಎಂ ಪ್ಲೇಟ್‌ಗೆ ಮಾತ್ರ ಆಲ್ಕೋಹಾಲ್ ತಾಗಿಸ್ಬೇಡಿ, ಅದು ಅರಗಿನ ಜಾತಿಯ ಶೆಲ್ಲಾಕ್, ಕರಗೋಗತ್ತೆ. ಮೂಗು ಮುರೀಬೇಡಿ, ಹಾಳು ಅಂತ ಬಿಟ್ಟಿದ್ದ ಎಷ್ಟೋ ರೆಕಾರ್ಡ್ ಬರೀ ಕೊಳಕಾಗಿರ್ತಾವೆ ಅಷ್ಟೇ.

ತೊಳೆದ ಮೇಲೆ ಹಳೇ ಕಾಗದದ ಒಳಚೀಲಕ್ಕೆ ವಾಪಸ್ ಹಾಕ್ಬೇಡಿ, ಹೊಸ ಪಾಲಿಥೀನ್ ಒಳಚೀಲಕ್ಕೆ ಹಾಕಿ, ಹಳೇದನ್ನ ಕವರ್ ಒಳಗೇ ಖಾಲಿ ಇಟ್ಕೊಳ್ಳಿ, ಬಿಸಾಡಿದ್ರೆ ಬೆಲೆ ಕಮ್ಮಿ ಆಗತ್ತೆ. ದಪ್ಪ ಪಿವಿಸಿ ಹೊರಚೀಲ ಬೇಡ, ವರ್ಷಗಟ್ಟಲೆ ಆದ್ಮೇಲೆ ಅದು ರೆಕಾರ್ಡ್ ಮೇಲೆ ಮಂಜಿನಂಥ ಕಲೆ ಬಿಡತ್ತೆ. ನೆಟ್ಟಗೆ ನಿಲ್ಸಿ, ಒಂದರ ಮೇಲೊಂದು ಪೇರಿಸ್ಬೇಡಿ. ಮಂಗಳೂರು, ಮಲೆನಾಡು ಕಡೆ ಮನೆ ಇರೋರು ಮಳೆಗಾಲಕ್ಕೆ ಗೋಡೆಗೆ ತಾಗಿಸದೇ ಕಪಾಟಿಟ್ಟು ಸಿಲಿಕಾ ಜೆಲ್ ಹಾಕಿ, ತಿಂಗಳಿಗೊಂದ್ಸಲ ಎಲ್ಲಾ ತೆಗೆದು ಗಾಳಿ ಆಡ್ಸಿ.

ಅಮೆರಿಕದಿಂದ ವಾಪಸ್ ಊರಿಗೆ ಹೋಗೋರಿಗೆ: ಕವರ್ ಸಮೇತ ಒಂದು ಎಲ್‌ಪಿ ಸುಮಾರು ಕಾಲು ಕೆಜಿ ತೂಗತ್ತೆ, ಅರವತ್ತು ಎಲ್‌ಪಿ ಅಂದ್ರೆ 15 ಕೆಜಿ, ಒಳ್ಳೊಳ್ಳೇದನ್ನ ಕ್ಯಾಬಿನ್ ಬ್ಯಾಗ್‌ನಲ್ಲೇ ಇಟ್ಕೊಳ್ಳಿ, ಬಿಸಿಲಲ್ಲಿ ನಿಂತ ಕಾರ್ ಡಿಕ್ಕಿಯಲ್ಲಂತೂ ಐದು ನಿಮಿಷನೂ ಬಿಡ್ಬೇಡಿ, ಸೊಟ್ಟಗಾಗತ್ತೆ. ಟರ್ನ್‌ಟೇಬಲ್ ಕೂಡ ತಗೊಂಡು ಹೋಗೋದಾದ್ರೆ ಮೋಟರ್ ಯಾವುದು ಅಂತ ಮೊದ್ಲೇ ನೋಡಿ. ಹಳೇ ಎಸಿ ಸಿಂಕ್ರೊನಸ್ ಮೋಟರ್ ಆದ್ರೆ ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಿದ್ರೂ ಸಾಲಲ್ಲ, ಅಮೆರಿಕದ್ದು 60 ಹರ್ಟ್ಜ್, ನಮ್ಮದು 50, ಹಾಗಾಗಿ ರೆಕಾರ್ಡ್ ಆರನೇ ಒಂದು ಭಾಗ ನಿಧಾನಕ್ಕೆ ಸುತ್ತತ್ತೆ, ಟ್ರಂಪೆಟ್ ಹೋಗಿ ಟ್ರಾಂಬೋನ್ ಆಗತ್ತೆ. ಅಂಥದ್ದಕ್ಕೆ 50 ಹರ್ಟ್ಜ್ ಪುಲ್ಲಿ ಸಿಗತ್ತಾ ಅಂತ ಅಮೆರಿಕದಲ್ಲಿರುವಾಗ್ಲೇ ಹುಡುಕಿ, ಸಿಗ್ದಿದ್ರೆ ಅಲ್ಲೇ ಮಾರಿ ಬನ್ನಿ. ಅಡಾಪ್ಟರ್‌ನಲ್ಲಿ ಓಡೋ ಡಿಸಿ ಮೋಟರ್ ಆದ್ರೆ ಆ ತಲೆನೋವಿಲ್ಲ, 230 ವೋಲ್ಟ್ ಅಡಾಪ್ಟರ್ ಬದಲಾಯಿಸಿದ್ರೆ ಆಯ್ತು.